ಯಾವೂರ ನೀರಿದು

ಜೂನ್ ೧೪, ಭಾನುವಾರ

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದ.

ನಿನ್ನ ಫೋಟೋ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ, ಮನೆ ತಣ್ಣಗಾಗಲೆಂದು ಕಾದೆ. ವಿಳಾಸ ಬರೆಯದೆ, ಫೋಟೋದ ಹಿಂದೆ ‘ಚೆನ್ನಾಗಿದ್ದೇನೆ’ ಎಂದಷ್ಟೇ ಬರೆದಿದ್ದೆ. ಅಷ್ಟಕ್ಕೇ ನನ್ನ ಹೊಟ್ಟೆ ತಂಪಾಯಿತು.

ಆದರೆ ಲಕೋಟೆ ಒಡೆದವರು ನಿನ್ನಪ್ಪ. ಅಂಚೆಮುದ್ರೆ ಮಸುಕಾಗಿ ಊರಿನ ಹೆಸರು ಓದಲಾಗಲಿಲ್ಲ. ಸುಮ್ಮನಿರದೆ ನಿನ್ನ ಗಂಡನಿಗೆ ಫೋನು ಮಾಡಿದರು. ಸಂಜೆಯೊಳಗೆ ಅವನು ತನ್ನ ಅಣ್ಣನನ್ನೂ ಕಟ್ಟಿಕೊಂಡು ಬಂದ. ಮೂವರೂ ನಡುಮನೆಯಲ್ಲಿ ಫೋಟೋದ ಮೇಲೆ ಬಗ್ಗಿ ಕೂತರು. ಅಗಲವಾದ ನೀರು, ಮೆಟ್ಟಿಲು, ಆಚೆ ಕಬ್ಬಿಣದ ಸೇತುವೆ, ಅಂಚಿನಲ್ಲಿ ಕಿಟಕಿಯ ಬಾಗಿದ ಸರಳು.

“ಅಲೆಯೇ ಇಲ್ಲ, ಸಮುದ್ರ ಅಲ್ಲ,” ಎಂದ ಅವನ ಅಣ್ಣ.

“ಹೊಳೆ ಕಣ್ರೀ. ಇಷ್ಟು ವರ್ಷ ಬಸ್ಸು ಓಡಿಸಿದೀನಿ, ನಾನು ನೋಡದ ಸೇತುವೆ ಇಲ್ಲ,” ಎಂದರು ನಿನ್ನಪ್ಪ. ಯಾವ ಹೊಳೆ ಎಂದು ಕೇಳಿದರೆ ಮಾತ್ರ ಒಂದೊಂದು ಸಲ ಒಂದೊಂದು ಹೆಸರು ಹೇಳಿದರು. ಬಸ್ಸಿಳಿದು ಊರು ನೋಡಿದವರಲ್ಲವಲ್ಲ!

ನಿನ್ನ ಗಂಡ ಭೂತಗನ್ನಡಿ ಹಿಡಿದು, “ಊರು ಗೊತ್ತಾಗ್ಲಿ, ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ,” ಎಂದ. ನಿನ್ನಪ್ಪ ಕೇಳಿಸಿಕೊಂಡರು, ಚಹಾ ಹೀರಿದರು.

ನಾನು ಶಾಲಾ ಅಂಗಿಯೊಂದಕ್ಕೆ ತೋಳು ಕೂಡಿಸುತ್ತಿದ್ದೆ. ಹೊಲಿಗೆ ಬಿಟ್ಟು ಎದ್ದೆ. ಫೋಟೋ ಕೈಗೆ ತೆಗೆದುಕೊಂಡು ಆ ಸರಳು ನೋಡಿದ್ದೇ ಊರು ಗೊತ್ತಾಯಿತು. ಮುಖದಲ್ಲಿ ಏನೂ ತೋರಿಸದೆ, “ಇದು ಗಡಿ ಹತ್ತಿರದ ಡ್ಯಾಮಿನ ಹಿನ್ನೀರು. ನನ್ನ ಜೊತೆ ಹೊಲಿಯೋಳ ತವರು ಅಲ್ಲೇ,” ಎಂದೆ. ನಂಬಿಬಿಟ್ಟರು ನೋಡು! ಬೆಳಗಾಗುತ್ತಲೇ ಅಣ್ಣತಮ್ಮಂದಿರು ಫೋಟೋ ಹಿಡಿದುಕೊಂಡು ಕಾರು ಹತ್ತಿದರು.

ವಾರ ಕಳೆದು ಬಂದರು, ಮೈತುಂಬ ಧೂಳು.

“ಸುಳ್ಳು ಹೇಳಿದ್ರಾ ಅತ್ತೆ?”

“ಹೌದಪ್ಪ, ಹೇಳಿದೆ. ಇನ್ನೊಂದು ಬೇಕಾ?”

ಅವನು ಫೋಟೋವನ್ನು ನನ್ನ ಮುಖಕ್ಕೆ ಎಸೆದ. ಎತ್ತಿಕೊಂಡು ಹೋಗಿ ಉರಿಯುವ ಒಲೆಗೆ ಹಾಕಿದೆ. ನಿನ್ನ ಅಕ್ಷರ ಪೂರ್ತಿ ಸುಟ್ಟು ಬೂದಿಯಾಗುವವರೆಗೂ ಅಲ್ಲೇ ನಿಂತೆ.

“ನನ್ನ ಮನೇಲಿ ಇದೆಲ್ಲ ನಡೆಯಲ್ಲ, ಹೊರಟುಹೋಗು,” ಎಂದು ನಿನ್ನಪ್ಪ ಕೂಗಿದರು.

“ಈ ಮನೆಯ ಅರ್ಧ ಗೋಡೆ ಎದ್ದಿರೋದು ನನ್ನ ಹೊಲಿಗೆಯಿಂದ. ನಿಮಗೆ ಉಸಿರು ಕಟ್ತಿದ್ರೆ ನೀವೇ ಹೊರಗೆ ಹೋಗಿ ಕೂತ್ಕೊಳ್ಳಿ,” ಎಂದೆ. ಅಂದಿನಿಂದ ಮಾತು ಬಿಟ್ಟಿದ್ದಾರೆ. ಎಷ್ಟು ಹಾಯಾಗಿದೆ ಅಂತೀ!

ನೀನು ಅಲ್ಲಿಂದ ಕದಲಬೇಡ. ಯಾರು ಬಂದು ಕರೆದರೂ, ನಾನೇ ಕರೆದೆನೆಂದು ಹೇಳಿದರೂ ಹೊರಡಬೇಡ. ಪತ್ರವನ್ನು ನನ್ನ ಹೊಲಿಗೆ ಅಂಗಡಿಗೆ ಹಾಕು. ಫೋಟೋ ಕಳಿಸುವುದಾದರೆ ನಿನ್ನ ಮುಖದ್ದು ಕಳಿಸು, ಊರಿನ ಅಂದ ನನಗೆ ಬೇಡ. ಹೊಟ್ಟೆತುಂಬ ಉಣ್ಣು, ತಲೆ ಎತ್ತಿ ಬಾಳು.

ನಿನ್ನ
ಅಮ್ಮ

ಮತ್ತೊಂದು ಮಾತು: ವಿಳಾಸ ಹೇಗೆ ಸಿಕ್ಕಿತೆಂದು ಬೆರಗಾಗಿರುತ್ತೀ. ಗಂಡನ ಮನೆ ಬಿಟ್ಟು ಬಂದವರನ್ನು ಏನೂ ಕೇಳದೆ ಒಳಗೆ ಬಿಟ್ಟುಕೊಳ್ಳುವ ವಸತಿಗೃಹ ಅದೊಂದೇ. ನೀನು ಹುಟ್ಟುವ ಮೊದಲು, ನಿನ್ನಪ್ಪನ ಏಟು ತಾಳಲಾರದೆ ನಾನೂ ಅಲ್ಲಿಗೆ ಹೋಗಿದ್ದೆ. ಅದೇ ಬಾಗಿದ ಸರಳಿನ ಕಿಟಕಿ, ಅದೇ ನೀರು. ನನ್ನಣ್ಣ ಬಂದು ರಟ್ಟೆ ಹಿಡಿದು ಎಳೆದೊಯ್ದ. ಎಲ್ಲಿದ್ದೆ ಎಂದು ನಿನ್ನಪ್ಪ ಕೇಳಲೂ ಇಲ್ಲ. ಅಲ್ಲಿದ್ದಾಗ ನಾನು ಊರಿನ ಹೆಸರು ಬರೆದು ತಿಳಿಸಿದ್ದು ಒಬ್ಬರಿಗೆ ಮಾತ್ರ, ನನ್ನ ಅಮ್ಮನಿಗೆ.