ಗುಬ್ಬಿಯ ಪಕ್ಕದಲ್ಲಿ ಮಾವ

ಚಿದ್ರಿ, ಬೀದರ
೧೪ ನವೆಂಬರ್ ೨೦೨೪

ಪ್ರೀತಿಯ ಪೂನಮ,

ಬಹಮನಿ ಸುಲ್ತಾನರ ಕಾಲದಿಂದ ಈವರೆಗೆ ಭಾಲ್ಕಿ ಕಂಡಿರದ ಘಟನೆಯೊಂದನ್ನು ಮೊದಲು ನಿನಗೇ ಘೋಷಿಸುತ್ತಿದ್ದೇನೆ: ನಿನ್ನೆ ಅಲ್ಲಿ ಒಂದು ಫ್ಲೆಕ್ಸ್ ಕೆಳಗಿಳಿಯಿತು. ಇಳಿಸಿದವಳು ನಾನು. ಏರಿಸಿದವಳೂ ನಾನೇ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಔರಾದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ನಿಮ್ಮ ಗೆಳೆಯರ ಬಳಗ ಮಾಡಿದ ಕನ್ನಡ ಟೈಪಿಂಗ್ ತಂತ್ರಾಂಶ 'ಗುಬ್ಬಿ'ಯನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆದರೆ ನೀನು ಬಿಡಿಸಿದ ಆ ಗುಬ್ಬಿ ಲೋಗೊ ಯಾವ ಕಾರ್ಯಕ್ರಮದಲ್ಲಿ ಕೂರಬೇಕಾದರೂ ಬಳಗದ ಒಪ್ಪಿಗೆ ಬೇಕು; ಎಲ್ಲರನ್ನೂ ಕೇಳಿ ಅದನ್ನು ಕೊಡುವ ಕೆಲಸ ನಿನ್ನದು. ಭಾಲ್ಕಿಯ ನನ್ನ ಕನ್ನಡ ಟೈಪಿಂಗ್ ಶಿಬಿರಕ್ಕೆ ಕೇಳಿದಾಗ ನೀನು, "ಎಲ್ಲಾರ್ನೂ ಕೇಳಿ ಹೇಳ್ತೇನಿ, ಸ್ವಲ್ಪ ತಡಿ" ಅಂದೆ. ನಾನು ತಡೆಯದೆ ಗುಬ್ಬಿಯನ್ನು ಫ್ಲೆಕ್ಸಿಗೆ ಹಾಕಿಸಿಬಿಟ್ಟೆ. ಫ್ಲೆಕ್ಸ್ ಅಂಗಡಿಯ ಕೈಲಾಶನೋ, "ಶುಭ ಕೋರುವವರ ಫೋಟೊ ಇಲ್ದೆ ಫ್ಲೆಕ್ಸ್ ಹ್ಯಾಂಗ ಆಗ್ತದ್ರಿ ಮೇಡಂ?" ಎನ್ನುತ್ತ ಗುಬ್ಬಿಯ ಪಕ್ಕ ನನ್ನ ಸೋದರಮಾವ ಶಿವರಾಜಪ್ಪನವರನ್ನು ಕೈಮುಗಿಸಿ ನಿಲ್ಲಿಸಿದ.

ಕೈಮುಗಿದ ಮನುಷ್ಯ, ಪಕ್ಕದಲ್ಲೊಂದು ಚಿತ್ರ. ಇದನ್ನು ಓದಲು ಭಾಲ್ಕಿಯವರಿಗೆ ಶಿಬಿರ ಬೇಕಿಲ್ಲ. ಕಲಿಯಲು ಬಂದಿದ್ದ ಕೌಸಲ್ಯಾಬಾಯಿ ಬಾಗಿಲಲ್ಲೇ, "ಮಾವನೋರು ಎಲೆಕ್ಷನ್‌ಗೆ ಯಾವಾಗ ನಿಂತ್ರವಾ? ಇರ್ಲಿ, ನಮ್ಮನಿ ವೋಟೆಲ್ಲ ಗುಬ್ಬಿಗೇ!" ಅಂದರು. ನಾನು ನಕ್ಕೆ. ಮಾವ ನಗಲಿಲ್ಲ, ಮೀಸೆ ತೀಡಿಕೊಂಡರು.

ಆ ಫ್ಲೆಕ್ಸಿನ ಫೋಟೊ ನಿಮ್ಮ ಬಳಗಕ್ಕೆ ತಲುಪಿತೆಂದು ಗೊತ್ತಾದಾಗ ನನ್ನ ನಗು ನಿಂತಿತು. ಒಪ್ಪಿಗೆ ಕೊಟ್ಟವರು ಯಾರೆಂದು ಅವರು ಕೇಳಿದರೆ, ನೀನು "ನಾನೇ" ಅಂದೆಯಂತೆ. ಯಾಕ ಪೂನಮ? ಈಗ ಒಪ್ಪಿಗೆ ಕೊಡುವ ಕೆಲಸ ನಿನ್ನ ಕೈತಪ್ಪಿದೆ. ಭಾನುವಾರ ಔರಾದಿನ ನಿನ್ನ ಶಿಬಿರದಲ್ಲಿ, ನೀನೇ ಬಿಡಿಸಿದ ಗುಬ್ಬಿಯನ್ನು ನೀನೇ ಹಾಕುವಂತಿಲ್ಲ. ಈ ಸಾಲಿಗೊಂದು ತಮಾಷೆ ಹುಡುಕಿದೆ, ಸಿಗಲಿಲ್ಲ.

ಬಳಗಕ್ಕೆ ಇವತ್ತು ನಿಜ ಬರೆದಿದ್ದೇನೆ: ನೀನು ತಡೆ ಅಂದಿದ್ದೆ, ನಾನು ಕೇಳಲಿಲ್ಲ. ಸಿಟ್ಟು ನನ್ನ ಮೇಲೆ ಬರಲಿ, ಗುಬ್ಬಿ ನಿನಗೆ ಮರಳಲಿ.

ಮುಖ ತೋರಿಸಲಾರದ ಗೆಳತಿ,
ಸುವರ್ಣಾ

ಮರೆತೆನೆಂದು ನಟಿಸಿದ ಮಾತು: ಕೈಲಾಶನನ್ನು ಬೈಯಬೇಡ. ಮಾವನ ಫೋಟೊ ಅವನಿಗೆ ಕೊಟ್ಟವಳು ನಾನೇ. ಶಿಬಿರ ನಡೆದದ್ದು ಮಾವನ ಹಾಲ್‌ನಲ್ಲೇ; "ಫೋಟೊ ಇಲ್ಲಂದ್ರ ಫಂಕ್ಷನ್ ಹಾಲ್ ಚಾವಿನೂ ಇಲ್ಲ ನೋಡವಾ" ಅಂದಿದ್ದರು ಅವರು. ಬಳಗಕ್ಕೆ ಬರೆದ ನಿಜದಲ್ಲಿ ಇಷ್ಟನ್ನು ನುಂಗಿದ್ದೆ, ರಾತ್ರಿಯೊಳಗೆ ಸೇರಿಸುತ್ತೇನೆ. ಇನ್ನೊಂದು: ಇಳಿಸಿದ ಫ್ಲೆಕ್ಸ್ ಈಗ ಮಾವನ ಜೀಪಿನಲ್ಲಿದೆ, ಭಾನುವಾರ ಅವರು ಔರಾದಿಗೂ ಬರುತ್ತಾರಂತೆ. ದಯವಿಟ್ಟು ಶಿಬಿರದ ಹತ್ತಿರ ಇರುವ ಏಣಿಯನ್ನು ಎಲ್ಲಾದರೂ ಬಚ್ಚಿಡು.