ರೋಗವಿಲ್ಲದ ಕೈ

ಹೊಸಗದ್ದೆ, ತೀರ್ಥಹಳ್ಳಿ ತಾಲ್ಲೂಕು
೧೮-೧೧-೧೯೬೬, ಶುಕ್ರವಾರ

ತಂಗಿ ಜಲಜಾಕ್ಷಿಗೆ,

ಆಶೀರ್ವಾದ. ಕ್ಷೇಮ ಸಮಾಚಾರ ಇನ್ನೊಮ್ಮೆ ಬರೆಯುತ್ತೇನೆ. ಭಾನುವಾರ ವೇದಾವತಿಯನ್ನು ಇಲ್ಲಿಗೆ ಕರೆತರಬೇಡ. ಈ ಕಾಗದ ಕೈ ಸೇರಿದ ಕೂಡಲೇ ಸಾಗರದ ಆಸ್ಪತ್ರೆಗೆ ಸೇರಿಸು. ತುಂಬು ಬಸುರಿ, ಕಣ್ಣು ಹಳದಿಯಾಗಿದೆ, ಡಾಕ್ಟರು ಸೇರಿಸಿ ಎಂದಿದ್ದಾರೆ. ಆದರೂ ನೀನು 'ನಮ್ಮಕ್ಕನ ಕೈಗುಣ ಇರುವಾಗ ಆಸ್ಪತ್ರೆ ಎಂತಕ್ಕೆ' ಎಂದು ಸೊಸೆಯನ್ನು ಮನೆಗೆ ಕರೆತಂದೆಯಂತೆ. ಹೆಮ್ಮೆಯಿಂದ ಬರೆದಿದ್ದೀಯೆ. ಅದನ್ನು ಓದಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕೈ ಸುಟ್ಟುಕೊಂಡಿದ್ದೇನೆ, ಕಾಮಾಲೆ ತೊಳೆಯಲಾಗದು ಎಂದು ಸುಳ್ಳು ಬರೆಯಲು ಹೊರಟಿದ್ದೆ. ನೀನು ಕೇಳುವವಳಲ್ಲ. 'ಮಂತ್ರ ಹೇಳೂಕೆ ಕೈ ಎಂತಕ್ಕೆ, ನೀರು ಬೇರೆಯವರು ಹಾಕಲಿ' ಎಂದು ಬಸ್ಸು ಹತ್ತುತ್ತೀಯೆ. ಅದಕ್ಕೆ ಇದ್ದದ್ದನ್ನೇ ಬರೆಯುತ್ತೇನೆ. ನಿನ್ನ ಯಜಮಾನರಿಗೆ ಓದಿ ಹೇಳಬೇಡ.

ನಮ್ಮ ಮನೆಯ ಕಾಮಾಲೆ ತೊಳೆಯುವ ಕ್ರಮ ನೀನು ನೋಡಿದ್ದೀಯೆ. ರೋಗಿಯ ಕೈಗೆ ಮೊಣಕೈವರೆಗೆ ಮಾವಿನ ತೊಗಟೆಯ ರಸ ಹಚ್ಚಿ, ಮಂತ್ರ ಹೇಳುತ್ತ ಸುಣ್ಣದ ತಿಳಿನೀರಿನಲ್ಲಿ ತೊಳೆದರೆ ಬೋಗುಣಿಗೆ ಹಳದಿ ನೀರು ಇಳಿಯುತ್ತದೆ. ರೋಗ ಇಳಿಯುವುದೆಂದರೆ ಅದೇ ಎಂದು ನಂಬಿದ್ದೆ. ರೋಗವಿಲ್ಲದವರ ಕೈ ಮಾತ್ರ ತೊಳೆಯಬಾರದು, ತೊಳೆದರೆ ರೋಗ ತೊಳೆದವರಿಗೇ ತಿರುಗುತ್ತದೆ ಎಂದು ನಮ್ಮ ಅತ್ತೆಯವರ ಕಟ್ಟಪ್ಪಣೆ. ನಾನು ಒಮ್ಮೆಯೂ ಮೀರಲಿಲ್ಲ.

ಈ ಜೂನ್‌ನಲ್ಲಿ ಇಲ್ಲಿಯ ಹೈಸ್ಕೂಲಿಗೆ ಸುಂದರೇಶ ಎಂಬ ವಿಜ್ಞಾನದ ಮೇಷ್ಟ್ರು ಬಂದರು. ನೋಟ್ಸು ಬರೆಸುವವರಲ್ಲ. ಎರಡು ಕರಟದಲ್ಲಿ ಹೆಸರುಕಾಳು ಹಾಕಿಸಿ, ಒಂದನ್ನು ಬಿಸಿಲಿಗೂ ಇನ್ನೊಂದನ್ನು ಪೆಟ್ಟಿಗೆಯೊಳಗೂ ಇಡಿಸಿ, ಏನಾಯಿತು, ಯಾಕಾಯಿತು ಎಂದು ಮಕ್ಕಳನ್ನೇ ಕೇಳುತ್ತಾರೆ. ಒಂದು ವಸ್ತುವಿನಿಂದ ಏನಾಗುತ್ತದೆಂದು ತಿಳಿಯಬೇಕಾದರೆ, ಅದಿಲ್ಲದೆ ಏನಾಗುತ್ತದೆಂದೂ ನೋಡಬೇಕಂತೆ. 'ಸಂಬಳ ತಗೊಂಡು ಮಕ್ಕಳ ಹತ್ರ ಪಾಠ ಹೇಳಿಸ್ಕೊಳ್ತಾರಲ್ಲ' ಎಂದು ನಾನು ನಾಲ್ಕು ಜನರೆದುರು ಆಡಿಕೊಂಡಿದ್ದೆ.

ಹೋದ ವಾರ ಮೊಮ್ಮಗಳು ವನಮಾಲಾ ಬಚ್ಚಲ ಹಿಂದೆ ತನ್ನ ಕ್ಲಾಸಿನ ಹುಡುಗಿಯರನ್ನು ಸಾಲಾಗಿ ಕೂರಿಸಿಕೊಂಡು ಕೈ ತೊಳೆಯುತ್ತಿದ್ದಳು. ಗುಂಡುಕಲ್ಲಿನಂಥ ಹುಡುಗಿಯರು, ಎಲ್ಲರ ಕೈಯಿಂದಲೂ ಹಳದಿ ನೀರು. ತೊಗಟೆ ರಸ ಹಚ್ಚದ ಒಬ್ಬಳ ಕೈಯಿಂದ ಮಾತ್ರ ತಿಳಿನೀರು ತಿಳಿಯಾಗಿಯೇ ಇಳಿಯಿತು. ವನಮಾಲಾ ಹಳದಿ ನೀರಿಳಿದವಳೊಬ್ಬಳನ್ನು ತೋರಿಸಿ, 'ಅಜ್ಜಿ, ಇವ್ಳು ಈಗಷ್ಟೇ ಆರು ದೋಸೆ ತಿಂದಿದಾಳೆ. ಇವ್ಳಿಗೆಂತ ಕಾಮಾಲೆ?' ಎಂದಳು. ಹುಡುಗಿಯರು ಕಿಸಕ್ಕನೆ ನಕ್ಕರು. ಆ ನಗುವಿಗೆ ಮೊಮ್ಮಗಳ ಕೆನ್ನೆಗೆ ಬಾರಿಸಿದೆ. ಮೇಷ್ಟ್ರು ಹೇಳಿಕೊಟ್ಟದ್ದಾ ಎಂದು ಕೇಳಿದರೆ, 'ಅವ್ರಿಗೆ ಗೊತ್ತೇ ಇಲ್ಲ. ನಂಗೇ ಅನ್ನಿಸ್ತು' ಎಂದಳು. ಅಳಲೂ ಇಲ್ಲ. ನಾನು ಶಾಲೆಗೆ ಹೋಗಿ ಹೆಡ್‌ಮಾಸ್ಟರ ಹತ್ತಿರ ಎರಡು ಮಾತು ಹೇಳಿ ಬಂದೆ.

ಬುಧವಾರ ನಿನ್ನ ಕಾಗದ ಬಂತು. ನಿನ್ನೆ ಎಲ್ಲರೂ ಗದ್ದೆಗೆ ಹೋದಾಗ ಬಾಗಿಲು ಹಾಕಿಕೊಂಡು ನನ್ನ ಕೈಗೇ ರಸ ಹಚ್ಚಿ ತೊಳೆದುಕೊಂಡೆ. ಮಂತ್ರ ಹೇಳಲಿಲ್ಲ. ವೇದಾವತಿಯ ಹೊಟ್ಟೆಯಲ್ಲಿರುವ ಕೂಸಿನ ಯೋಚನೆ ಬಾರದಿದ್ದರೆ ಅತ್ತೆಯವರ ಆ ಅಪ್ಪಣೆಯನ್ನು ನಾನು ಸಾಯುವವರೆಗೂ ಮೀರುತ್ತಿರಲಿಲ್ಲ. ನೀರು ಹಳದಿಯಾಯಿತು. ಎಂದಿನಷ್ಟೇ ಹಳದಿ.

ಹಾಗಾದರೆ ಅಷ್ಟು ಜನಕ್ಕೆ ಗುಣವಾದದ್ದು ಹೇಗೆ ಎನ್ನುತ್ತೀಯೆ. ಪಥ್ಯ ಮಾಡಿದ್ದಕ್ಕೋ, ತನ್ನಷ್ಟಕ್ಕೇ ಇಳಿಯಿತೋ ನಾನರಿಯೆ. ಗುಣವಾದವರು ಬಾಳೆಗೊನೆ ಹಿಡಿದು ಬಂದರು. ಉಳಿದವರು ತಿರುಗಿ ಬರಲಿಲ್ಲ. ಬಾರದವರೂ ಗುಣವಾಗಿರಬೇಕೆಂದು ನಾನೇ ತೀರ್ಮಾನಿಸಿಕೊಂಡೆ. ಒಬ್ಬರ ಮನೆಗೂ ಹೋಗಿ ವಿಚಾರಿಸಲಿಲ್ಲ. ಹೈಸ್ಕೂಲು ಓದಿದ ಹೆಂಗಸೆಂದು ಊರವರು ನನ್ನ ಮಾತಿಗೆ ತೂಕ ಕೊಡುತ್ತಿದ್ದರು. ಈಗ ಮೊಮ್ಮಗಳ ಎದುರು ತಲೆಯೆತ್ತಿ ಬಡಿಸಲಾರೆ.

ಕೇಳಿದವರಿಗೆ ನಮ್ಮಕ್ಕನಿಗೆ ಅರಳುಮರಳು ಎಂದು ಬೇಕಾದರೆ ಹೇಳು. ಸೊಸೆಯನ್ನು ಮಾತ್ರ ಮನೆಯಲ್ಲಿಟ್ಟುಕೊಳ್ಳಬೇಡ. ಇದು ಅಕ್ಕನ ಆಜ್ಞೆ ಎಂದು ತಿಳಿ.

ನಿನ್ನ ಅಕ್ಕ,
ವರದಮ್ಮ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಬಸ್ ಸ್ಟ್ಯಾಂಡಿನಲ್ಲಿ ಕೂತು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಟಪಾಲು ಭಾನುವಾರಕ್ಕೆ ಮುಂಚೆ ಮುಟ್ಟಲಾರದು. ಸಾಗರದ ಕಡೆ ಹೊರಟವರ ಕೈಯಲ್ಲಿ ಕೊಡೋಣವೆಂದು ಬಂದೆ. ಹೊರಟಿದ್ದವರು ಸುಂದರೇಶ ಮೇಷ್ಟ್ರೊಬ್ಬರೇ, ಹಾಸಿಗೆ ಪೆಟ್ಟಿಗೆಯ ಸಮೇತ. ನಾನು ಹೇಳಿದ್ದು ಎರಡು ಮಾತಲ್ಲ. ಮಕ್ಕಳಿಗೆ ಹಿರಿಯರನ್ನು ಹಂಗಿಸಲು ಕಲಿಸುತ್ತಾರೆಂದು ಶಾಲೆಯ ಕಮಿಟಿಗೆ ಅರ್ಜಿ ಕೊಟ್ಟಿದ್ದೆ. ಕಾಯಂ ಆದವರಲ್ಲ, ನಿನ್ನೆ ಕೆಲಸದಿಂದ ತೆಗೆದರು. ಅರ್ಜಿ ಯಾರದೆಂದು ಅವರಿಗೆ ಗೊತ್ತು. ಬಸುರಿಯ ವಿಷಯ ಎಂದಷ್ಟೇ ಹೇಳಿದೆ. 'ಕೊಡಿ ಅಮ್ಮಾ, ಇಳಿದವನೇ ಮೊದ್ಲು ಅಲ್ಲಿಗೇ ಹೋಗ್ತೀನಿ' ಎಂದರು. ಸೋಮವಾರ ಕಮಿಟಿಗೆ ಹೋಗಿ ಅರ್ಜಿ ಸುಳ್ಳೆಂದು ಬರೆದುಕೊಡುತ್ತೇನೆ. ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಊಟ ಹಾಕದೆ ಕಳಿಸಬೇಡ. ಲಕೋಟೆಗೆ ಅಂಟು ಹಾಕದೇ ಅವರ ಕೈಗೆ ಕೊಡುತ್ತಿದ್ದೇನೆ.