ಇಪ್ಪತ್ತನೆಯ ಚೀಲ

ಅಣ್ಣಾ,

ನೀನಿದ್ದಾಗ ನಿನಗೆ ಒಂದು ಪತ್ರವನ್ನೂ ಬರೆದವಳಲ್ಲ ನಾನು. ಎರಡು ಬೀದಿ ಆಚೆ ಮನೆ ಮಾಡಿಕೊಂಡಿದ್ದ ಅಣ್ಣನಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ? ನೀನು ಹೋಗಿ ಏಳು ತಿಂಗಳಾದ ಮೇಲೆ ಈಗ ಹೊಲಿಗೆ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಕಾರಣ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು. ಹೋದ ಮಂಗಳವಾರ ಅದರ ಮೂಲೆ ಮತ್ತೆ ಮುರಿದಿತ್ತು. ಇನ್ನು ಸಾಕು ಮಾಡು ಎಂದು ಹೇಳಲು ನನಗೆ ಬೇರೆ ದಾರಿ ತೋಚಲಿಲ್ಲ.

ನಿನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ನಮ್ಮಣ್ಣ ಕಲ್ಲು ಓದುತ್ತಾನೆ ಎನ್ನುತ್ತಿದ್ದೆ. ಗಣಿಯೇ ಇಲ್ಲದ ಗಣಿ ಕಂಪನಿಯಲ್ಲಿ ಕೆಲಸ ಎಂದು ನೀನೇ ನಗುತ್ತಿದ್ದೆ. ಒಂದು ಗುಡ್ಡ, ಕೊರೆಯುವ ಒಂದು ಯಂತ್ರ, ತಗಡಿನ ಒಂದು ಶೆಡ್ಡು, ಶೇರು ಕೊಂಡವರ ಆಸೆ, ಇಷ್ಟೇ ಬಂಡವಾಳ. ಯಂತ್ರ ನೆಲದೊಳಗಿಂದ ಉದ್ದನೆಯ ಕಲ್ಲಿನ ಕೋಲುಗಳನ್ನು ತೆಗೆದು ಕೊಡುತ್ತಿತ್ತು. ನೀನು ಅವನ್ನು ಉದ್ದಕ್ಕೆ ಸೀಳಿ ಅರ್ಧ ಭಾಗವನ್ನು ಟ್ರೇಯಲ್ಲಿ ಉಳಿಸಿ, ಇನ್ನರ್ಧವನ್ನು ಚೀಲಕ್ಕೆ ತುಂಬಿ ಚಿನ್ನ ಇದೆಯೇ ಎಂದು ನೋಡಲು ಲ್ಯಾಬಿಗೆ ಕಳಿಸುತ್ತಿದ್ದೆ. ಆ ಬಟ್ಟೆ ಚೀಲಗಳನ್ನೆಲ್ಲ ಹೊಲಿದವಳು ನಾನು. ಒಂದೊಂದಕ್ಕೂ ನಂಬರಿನ ಪಟ್ಟಿ ಹೊಲಿಗೆಯಲ್ಲೇ ಸೇರಿಸಿ ಕೊಡುತ್ತಿದ್ದೆ.

ಅದರಲ್ಲಿ ಪ್ರತಿ ಇಪ್ಪತ್ತನೆಯ ಚೀಲವನ್ನು ನೀನು ನನಗೇ ವಾಪಸು ಕೊಡುತ್ತಿದ್ದೆ. "ಸೂಜಿ," ನನ್ನ ಹೊಲಿಗೆ ನೋಡಿ ನೀನಿಟ್ಟ ಹೆಸರು ಅದು, "ಇದಕ್ಕೆ ನಮ್ಮ ಕಲ್ಲು ತುಂಬು." ನಾನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೂಲೆಯಿಂದ ಒಂದು ಚಕ್ಕೆ ಎಬ್ಬಿಸಿ ತುಂಬಿಸುತ್ತಿದ್ದೆ. ಅಮ್ಮ ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಆ ಕಲ್ಲಿನ ಮೈಯೆಲ್ಲ ನೀಲಿ ಕಲೆ. ಅದರಲ್ಲಿ ಚಿನ್ನ ಚೂರೂ ಇಲ್ಲ ಎಂದು ನೀನು ಮೂರು ಸಲ ಪರೀಕ್ಷೆ ಮಾಡಿಸಿದ್ದೆ. ಯಾವುದು ಖಾಲಿ ಚೀಲ ಎಂದು ಲ್ಯಾಬಿನವರಿಗೆ ಗೊತ್ತಾಗಬಾರದು. ಖಾಲಿ ಕಲ್ಲಿನಲ್ಲೂ ಚಿನ್ನ ಇದೆ ಎಂಬ ಉತ್ತರ ಬಂದರೆ ಎಲ್ಲೋ ಎಡವಟ್ಟಾಗಿದೆ ಅಥವಾ ಯಾರೋ ಕೈ ಆಡಿಸಿದ್ದಾರೆ ಎಂದರ್ಥ. "ನಾನಿಲ್ದಿದ್ರೂ ಇದನ್ನ ಮಾತ್ರ ತಪ್ಪಿಸ್ಬೇಡ ಕಣೇ" ಎಂದಿದ್ದೆ. ಎರಡು ದಿನ ಊರಿಗೆ ಹೋಗುವವನ ಮಾತು ಎಂದು ನಾನು ಅಂದುಕೊಂಡಿದ್ದೆ. ಮರುವಾರ ಕಲ್ಲು ಸೀಳುವ ಯಂತ್ರ ತಿರುಗುತ್ತಲೇ ಇತ್ತಂತೆ, ನೀನು ಅದರ ಪಕ್ಕದಲ್ಲೇ ಬಿದ್ದಿದ್ದೆಯಂತೆ. ಹೃದಯ ನಿಂತುಹೋಗಿತ್ತು.

ನಾನು ತಪ್ಪಿಸಿದೆ ಅಣ್ಣ. ಆಗಲೇ ಹೊಲಿದಿಟ್ಟಿದ್ದ ಚೀಲಗಳನ್ನೆಲ್ಲ ಕಂಪನಿಯವರು ಬಂದು ಕಟ್ಟಿಕೊಂಡು ಹೋದರು. ನಾನು ಒಂದಕ್ಕೂ ಕಲ್ಲು ತುಂಬಲಿಲ್ಲ. ಹಿತ್ತಲಿಗೆ ಹೋದರೆ ಅಳು ಬರುತ್ತಿತ್ತು.

ಅಷ್ಟರಲ್ಲಿ ಮಾರುಕಟ್ಟೆ ನೆಲಕಚ್ಚಿತು. ನಿನ್ನಂಥವರ ಕಂಪನಿಗಳ ಶೇರು ಒಂದು ಲೋಟ ಚಹಾದ ಬೆಲೆಗೂ ಕೇಳುವವರಿಲ್ಲ. ಎಲ್ಲ ಗುಡ್ಡಗಳಲ್ಲೂ ಯಂತ್ರಗಳು ನಿಂತವು. ಆಗ ಬಂದ ನಿನ್ನ ಕಾಲೇಜು ಗೆಳೆಯ, ಕಂಪನಿಯ ಡೈರೆಕ್ಟರು, ನಾವಿಬ್ಬರೂ ಬೆನ್ನ ಹಿಂದೆ ಸೂಟುಬೂಟು ಎನ್ನುತ್ತಿದ್ದೆವಲ್ಲ, ಅವನೇ. ಅತ್ತಿಗೆಯನ್ನೂ ನನ್ನನ್ನೂ ಕೂರಿಸಿಕೊಂಡು ಒಂದು ಹಾಳೆ ಬಿಡಿಸಿದ. "ನೋಡಮ್ಮ, ಕೊನೇ ಕೊರೆತದಲ್ಲಿ ಸಿಕ್ಬಿಟ್ಟಿದೆ. ಹೊರಗಡೆ ಇನ್ನೂ ಯಾರಿಗೂ ಹೇಳಿಲ್ಲ. ಎಲ್ರೂ ಹೆದ್ರಿ ಓಡ್ತಿರೋ ಟೈಮಲ್ಲಿ ತಗೊಂಡೋರೇ ಗೆಲ್ಲೋದು ಅಂತ ನಿಮ್ಮಣ್ಣಾನೇ ಹೇಳ್ತಿದ್ನಲ್ಲ?" ನೀನು ಹೇಳುತ್ತಿದ್ದೆ, ನಿಜ. ಅದರ ಜೊತೆಗೇ "ಕಾಗದ ನೋಡಿ ಮರುಳಾಗ್ಬೇಡ, ಕಲ್ಲು ನೋಡು" ಎಂದೂ ಹೇಳುತ್ತಿದ್ದೆ. ಅದನ್ನು ಅವನು ನುಂಗಿಕೊಂಡ.

ನನ್ನ ಹೊಲಿಗೆ ಅಂಗಡಿ ಮಾರಿದ ಹಣ ಬ್ಯಾಂಕಿನಲ್ಲಿತ್ತು. ನಿನ್ನ ವಿಮೆಯ ಹಣ ಅತ್ತಿಗೆಯ ಹತ್ತಿರ ಇತ್ತು. ಎರಡನ್ನೂ ಶುಕ್ರವಾರದೊಳಗೆ ಹೊಸ ಶೇರಿಗೆ ಹಾಕಿ ಎಂದ. ಅತ್ತಿಗೆ ಆಗಲೇ ಪೆನ್ನು ಹುಡುಕುತ್ತಿದ್ದರು. ನೀನು ಜೀವ ಬಿಟ್ಟ ಕಂಪನಿ ಉಳಿಯಲಿ ಎಂಬ ಆಸೆ ಅವರಿಗೆ. ಆ ಹಣ ಹೋದರೆ ನಮ್ಮಿಬ್ಬರಿಗೂ ಮುಂದೆ ಏನೂ ಇರಲಿಲ್ಲ. ನಾನು ಹಾಳೆಯ ಮೇಲೆ ಬೆರಳಿಟ್ಟು ನಂಬರುಗಳನ್ನು ನೋಡುತ್ತಾ ಹೋದೆ. ನಾನೇ ಹೊಲಿದ ನಂಬರುಗಳು. ಎಲ್ಲಕ್ಕಿಂತ ಹೆಚ್ಚು ಚಿನ್ನ ಸಿಕ್ಕಿದ್ದು ಮುನ್ನೂರ ನಲವತ್ತನೆಯ ಚೀಲದಲ್ಲಿ.

ಮುನ್ನೂರ ನಲವತ್ತು ಎಂದರೆ ಇಪ್ಪತ್ತನೆಯ ಚೀಲ ಅಲ್ಲವೇ? ಆದರೆ ಈಗ ಅದಕ್ಕೆ ಖಾಲಿ ಕಲ್ಲು ತುಂಬುವವರು ಯಾರೂ ಇರಲಿಲ್ಲ. ಅದರಲ್ಲೂ ಗುಡ್ಡದ ಕಲ್ಲೇ ಇರಬೇಕು. ಆದರೂ ಮನಸ್ಸು ತಡೆಯಲಿಲ್ಲ, ಮರುದಿನ ಮಧ್ಯಾಹ್ನ ಶೆಡ್ಡಿಗೆ ಹೋದೆ.

ಬಿಸಿಲಿಗೆ ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಒಳಗೆ ಮಾತ್ರ ಬಾವಿಯ ತಂಪು. ಕಾವಲು ಕಾಯುವ ಅಜ್ಜ ಆ ನಂಬರುಗಳ ಟ್ರೇ ಎಳೆದು ತೋರಿಸಿದ. ಚೀಲಕ್ಕೆ ಹೋದ ಪ್ರತಿಯೊಂದು ತುಂಡಿನ ಜಾಗದಲ್ಲೂ ಅದರ ನಂಬರಿನ ಚೀಟಿ ಇತ್ತು. ಮುನ್ನೂರ ಮೂವತ್ತೊಂಬತ್ತಾದ ಮೇಲೆ ಕಲ್ಲು ಒಂದಿಷ್ಟೂ ಬಿಡದೆ ನೇರ ಮುನ್ನೂರ ನಲವತ್ತೊಂದಕ್ಕೆ ಹೋಗಿತ್ತು. ನಡುವಿನ ಚೀಲಕ್ಕೆ ಗುಡ್ಡದ ಕಲ್ಲೇ ಹೋಗಿರಲಿಲ್ಲ. ಅದರ ಚೀಟಿ ಟ್ರೇಯ ಅಂಚಿನಲ್ಲಿತ್ತು, ಮೇಲೆ "ಖಾಲಿ" ಎಂದು ಬರೆದಿತ್ತು. ನಿನ್ನ ಕೈಬರಹ ಅಣ್ಣ. ಪಕ್ಕದಲ್ಲಿ ನೀಲಿ ಕಲೆಯ ಒಂದು ಚಕ್ಕೆ.

ಆ ಕೊರೆತ ಶುರುವಾದದ್ದು ನೀನು ಹೋಗಿ ಮೂರು ತಿಂಗಳ ಮೇಲೆ.

ಇದನ್ನು ಇಟ್ಟವರು ಯಾರು ಎಂದು ಕೇಳಿದೆ. ಅಜ್ಜ ಬೀಡಿ ಆರಿಸಿ ಹೇಳಿದ: "ನಿಮ್ಮಣ್ಣಾನೇ ಅಲ್ವೇನಮ್ಮ? ಮಂಗಳವಾರ ಮಂಗಳವಾರ ಬರ್ತಾರೆ. ಕೈಯಲ್ಲಿ ಚೀಲ ಇರುತ್ತೆ. ಇಟ್ಟು ಹೊರಟು ಹೋಗ್ತಾರೆ." ಅವನು ತೀರಿಕೊಂಡಿದ್ದಾನಲ್ಲ ಅಜ್ಜ ಎಂದೆ. "ಗೊತ್ತಮ್ಮ. ನಾನೂ ಮಣ್ಣಿಗೆ ಬಂದಿದ್ನಲ್ಲ. ಅದಕ್ಕೇ ನಾನಾಗಿ ಮಾತಾಡ್ಸಕ್ಕೆ ಹೋಗಲ್ಲ. ತುಂಬ ಸುಸ್ತಾದೋರ ಥರ ಕಾಣ್ತಾರೆ."

ಚೀಟಿ, ಚಕ್ಕೆ ಎರಡನ್ನೂ ಸೆರಗಿಗೆ ಕಟ್ಟಿಕೊಂಡು ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ನೀನು ಹೋದಾಗಿನಿಂದ ಕಾಲಿಡದ ಹಿತ್ತಲಿನ ಬಾಗಿಲು ತೆಗೆದೆ. ಕಲ್ಲಿನ ಒಂದು ಬದಿ ಮೊಳದಷ್ಟು ಸವೆದುಹೋಗಿತ್ತು. ಮುರಿದ ಜಾಗ ಹೊಸದಾಗಿ ಬೆಳ್ಳಗಿತ್ತು, ಕೆಳಗೆ ಪುಡಿ ಬಿದ್ದಿತ್ತು. ನಾನು ಮಾಡಬೇಕಾಗಿದ್ದ ಕೆಲಸವನ್ನು ಸತ್ತ ಮೇಲೂ ನೀನೇ ಬಂದು ಮಾಡುವಂತಾಯಿತಲ್ಲ ಎಂದು ಅಲ್ಲೇ ಕುಸಿದು ಅತ್ತೆ. ಭಯ ಆಮೇಲೆ ಬಂತು.

ಅತ್ತಿಗೆಗೆ ನಿನ್ನ ವಿಷಯ ಹೇಳಲಿಲ್ಲ. ಚೀಟಿ, ಚಕ್ಕೆ, ಹಾಳೆ ಮೂರನ್ನೂ ಮುಂದಿಟ್ಟೆ. ನಮ್ಮ ಒಗೆಯುವ ಕಲ್ಲಿನಲ್ಲಿ ಚಿನ್ನ ಇದೆಯೆಂದರೆ ಚೀಲಗಳು ಲ್ಯಾಬ್ ಮುಟ್ಟುವ ಮೊದಲೇ ಯಾರೋ ಎಲ್ಲಕ್ಕೂ ಚಿನ್ನದ ಪುಡಿ ಉದುರಿಸಿದ್ದಾರೆ ಎಂದೆ. ನೀನಿಲ್ಲ, ಖಾಲಿ ಕಲ್ಲು ಇಡುವವರಿಲ್ಲ ಎಂಬ ಧೈರ್ಯ ಅವರಿಗೆ. ಅತ್ತಿಗೆ ಚೀಟಿಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. "ಅವರ ಅಕ್ಷರ ನನಗೆ ಗೊತ್ತಾಗಲ್ವೇನೇ?" ಎಂದರು. ಅಷ್ಟೇ. ಪೆನ್ನನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿಬಿಟ್ಟರು.

ಸೂಟುಬೂಟಿಗೆ ಇಲ್ಲ ಎಂದೆವು. ಶೇರುಪೇಟೆಯ ತನಿಖೆಯವರಿಗೆ ದೂರು ಕೊಟ್ಟೆವು. ಕಂಪನಿಯ ಶೇರಿನ ವ್ಯವಹಾರ ನಿಂತಿದೆ, ಶೆಡ್ಡಿಗೆ ಬೀಗ ಮುದ್ರೆ ಬಿದ್ದಿದೆ, ಅಜ್ಜ ಮಗಳ ಮನೆಗೆ ಹೋದ. ನಿನ್ನ ಗುಡ್ಡವನ್ನು ಕೊರೆಯುವವರು ಈಗ ಯಾರೂ ಇಲ್ಲ. ಆದರೂ ಹೋದ ಮಂಗಳವಾರ ಕಲ್ಲು ಮುರಿದಿತ್ತು. ಕೆಲಸ ಮುಗಿಯಿತು ಎಂದು ನಿನಗೆ ಯಾರೂ ಹೇಳಿಲ್ಲ ಎಂದು ಆಗ ಹೊಳೆಯಿತು.

ಅದಕ್ಕೇ ಈ ಪತ್ರ. ನಾವಿಬ್ಬರೂ ಉಳಿದೆವು ಅಣ್ಣ, ನಿನ್ನಿಂದ ಉಳಿದೆವು. ಇನ್ನು ಆ ಕಲ್ಲು ಬಡಿಯಬೇಡ. ಇವತ್ತು ಮಂಗಳವಾರ, ಬೆಳಿಗ್ಗೆಯೇ ಒಂದು ಹೊಸ ಚೀಲ ಹೊಲಿದು ನಾನೇ ಚಕ್ಕೆ ತುಂಬಿಸಿದ್ದೇನೆ. ಇದು ಕೊನೆಯದು, ನಂಬರು ಹಾಕಿಲ್ಲ. ಈ ಪತ್ರವನ್ನೂ ಅದರೊಳಗಿಟ್ಟು ಬಾಯಿ ಹೊಲಿದು ಒಗೆಯುವ ಕಲ್ಲಿನ ಮೇಲೆ ಇಡುತ್ತೇನೆ. ತೆಗೆದುಕೊಂಡು ಹೋಗು, ಮಲಗು.

ಹಿತ್ತಲಲ್ಲಿ ಸುತ್ತಿಗೆಯ ಸದ್ದು ಶುರುವಾಯಿತು. ಸ್ವಲ್ಪ ತಡಿ ಅಣ್ಣ, ಬಾಯಿ ಹೊಲಿಯುವುದೊಂದೇ ಬಾಕಿ. ಬಂದೆ.

ನಿನ್ನ ಕೈಗಳಿಗೆ ಇನ್ನಾದರೂ ಬಿಡುವು ಸಿಗಲಿ.

ನಿನ್ನ ತಂಗಿ,
ಸೂಜಿ